ಅಜ್ಜಿಯ ತಂಗಿ

ಮೊನ್ನೆ ಭಾನುವಾರ ಸಂಜೆ ಮಗಳ ಜೊತೆ ಬೀಜಾಡಿಯ ಕಡಲ ಕರೆಗೆ ಹೋಗಿದ್ದೆ. ಬಿಸಿಲು ಇಳಿದಿತ್ತು. ಆದರೂ ನನ್ನ ವೇಷ ಎಂದಿನದೇ: ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಮಣಿಕಟ್ಟಿನವರೆಗೆ ತೋಳು, ಮುಖದ ತುಂಬ ಬಿಸಿಲಿನ ಕ್ರೀಮು. ಬೊಂಡ, ಎಂದರೆ ಎಳನೀರು, ಮಾರುವ ಗಾಡಿಯವನು ದೂರದಿಂದಲೇ ನನ್ನನ್ನು ಕಂಡು ಕತ್ತಿ ಎತ್ತಿಕೊಂಡ. "ಹಲೋ ಮೇಡಂ, ಕೋಕೋನಟ್? ವೆರಿ ಸ್ವೀಟ್, ವೆರಿ ಕೋಲ್ಡ್!"

"ಗಂಜಿ ಎಳೇದ್ ಇದ್ದದ್ದ್ ಇತ್ತಾ ಹ್ವಾಯ್? ಎರಡ್ ಕೊಡಿ," ಎಂದು ತಿರುಳು ಎಳೆಯದಾಗಿರುವ ಬೊಂಡ ಕೇಳಿದೆ.

ಅವನ ಮುಖ ನೀವು ನೋಡಬೇಕಿತ್ತು. "ಅಯ್ಯೋ, ನಮ್ಮೋರೆಯಾ!" ಎಂದು ನಾಲಿಗೆ ಕಚ್ಚಿಕೊಂಡ. ಇದು ನನಗೆ ಹೊಸದಲ್ಲ. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹತ್ತಿರ ಬಂದಾಗ ಮಾತ್ರ ಹಿಂದಿಗೆ ಹೊರಳುತ್ತಾನೆ. ದೇವಸ್ಥಾನದಲ್ಲಿ ಯಾರೋ ಪುಣ್ಯಾತ್ಮರು ಕೈ ಮುಗಿಯುವುದು ಹೇಗೆಂದು ನನಗೆ ತೋರಿಸಿಕೊಟ್ಟದ್ದೂ ಉಂಟು. ನಾನು ನಗುತ್ತ ಬೊಂಡ ಕುಡಿದೆ. ಮಗಳು ನಗಲಿಲ್ಲ. ಸ್ಟ್ರಾ ಬಾಯಿಂದ ತೆಗೆದು, ಗಾಡಿಯವನಿಗೆ ಕೇಳದ ಹಾಗೆ, "ಅಮ್ಮಾ, ನಿಂಗೆ ನಾಚ್ಕಿ ಆತಿಲ್ಯಾ?" ಎಂದಳು.

"ಎಂತ ನಾಚ್ಕಿ ಮಾರಾಯ್ತಿ," ಎಂದೆ. ಅದು ಸುಳ್ಳು. ನಾಚಿಕೆ ನಮ್ಮ ಮನೆಯಲ್ಲಿ ನನಗಿಂತ ಮುಂಚಿನಿಂದ ವಾಸವಾಗಿದ್ದದ್ದು. ಅದರ ಕತೆಯನ್ನು ನಿಮಗೆ ಹೇಳಬೇಕು.

ಮೊದಲು ನನ್ನ ಬಗ್ಗೆ ಒಂದೆರಡು ಮಾತು. ನನ್ನ ಮೈ ಬಿಳಿ. ಮದುವೆ ಮಾತಿನಲ್ಲಿ "ಹುಡುಗಿ ಬೆಳ್ಳಗಿದ್ದಾಳೆ" ಎನ್ನುತ್ತಾರಲ್ಲ, ಆ ಬಿಳಿಯಲ್ಲ. ಒಣಹುಲ್ಲಿನ ಬಣ್ಣದ ಕೂದಲು, ಇದ್ದೂ ಇಲ್ಲದ ಹುಬ್ಬು, ಬೆಳಕು ಕಂಡರೆ ನಿಂತಲ್ಲಿ ನಿಲ್ಲದೆ ಅತ್ತಿತ್ತ ಓಡುವ ಕಣ್ಣು. ಪುಸ್ತಕವನ್ನು ಮೂಗಿಗೆ ತಾಗಿಸಿ ಓದಬೇಕು. ನಾನು ಕನ್ನಡ ಕಲಿಸುವ ಶಾಲೆಯಲ್ಲಿ ಮಕ್ಕಳು ನನ್ನನ್ನು "ಮೂಸು ಟೀಚರ್" ಎನ್ನುತ್ತಾರೆಂದು ನನಗೆ ಗೊತ್ತು, ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿಲ್ಲ. ಇಷ್ಟೇ ಆಗಿದ್ದರೆ ಬಣ್ಣದ ಸಂಗತಿ ಎಂದು ಬಿಡಬಹುದಿತ್ತು. ನನಗೆ ರಕ್ತದ ತೊಂದರೆಯೂ ಇದೆ. ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ಟುಗಳು ನನ್ನಲ್ಲಿ ಎಣಿಕೆಗೆ ಸರಿಯಾಗಿಯೇ ಇವೆ, ಆದರೆ ಅವುಗಳ ಒಳಗೆ ಇರಬೇಕಾದ ಸರಕಿಲ್ಲ. ಖಾಲಿ ಬುಟ್ಟಿ ಹೊತ್ತುಕೊಂಡು ಸಂತೆಗೆ ಹೊರಟ ಹಾಗೆ. ಹುಟ್ಟಿನಿಂದಲೇ ಬರುವ, ಬಹಳ ಅಪರೂಪದ ಕಾಯಿಲೆ. ಇಬ್ಬರು ವೈದ್ಯರ ಹೆಸರು ಜೋಡಿಸಿ ಅದಕ್ಕೊಂದು ನಾಲಿಗೆ ಹೊರಳದ ಹೆಸರಿಟ್ಟಿದ್ದಾರೆ. ಆ ಹೆಸರನ್ನು ನಾನು ಮೊದಲ ಸಲ ಮನೆಯಲ್ಲಿ ಓದಿ ಹೇಳಿದಾಗ ಅಜ್ಜಿ, "ಅದೂ ಫಾರಿನ್ನೇಯಾ?" ಎಂದು ಕೇಳಿದ್ದಳು.

ಅಜ್ಜಿ ಎಂದರೆ ಅಪ್ಪಯ್ಯನ ತಾಯಿ, ಸೀತು. ಕಡಲಿನ ಪಕ್ಕವೇ ನಮ್ಮ ಮನೆ. ಅಪ್ಪಯ್ಯ ಗಂಗೊಳ್ಳಿಯಿಂದ ಹೊರಡುವ ಬೋಟಿನಲ್ಲಿ ಮೀನಿಗೆ ಹೋಗುತ್ತಿದ್ದ. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಕೋಟೇಶ್ವರದ ಮನೆಮನೆಗೆ ಮೀನು ಮಾರುತ್ತಿದ್ದಳು. ಅವಳ ಗಂಟಲು ಎಂಥದ್ದೆಂದರೆ, ಅವಳು ಗೇಟಿನ ಹೊರಗೆ "ಬಂಗ್ಡೀ..." ಎಂದರೆ ಒಳಗೆ ಮಲಗಿದ್ದ ಬೆಕ್ಕು ಅಡುಗೆಮನೆಗೆ ಹೋಗಿ ಕುಳಿತುಕೊಳ್ಳುತ್ತಿತ್ತಂತೆ. ಆ ಗಂಟಲಿಗೆ ಮೀನಿನ ದರವೂ ಮನೆಯ ಗುಟ್ಟೂ ಒಂದೇ. ಅವಳಿಗೆ ತಿಳಿದದ್ದು ಮಧ್ಯಾಹ್ನದೊಳಗೆ ಕೋಟೇಶ್ವರಕ್ಕೆಲ್ಲ ತಿಳಿಯುತ್ತಿತ್ತು. ಒಂದೇ ಒಂದು ಸಂಗತಿಯನ್ನು ಬಿಟ್ಟು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಅಮ್ಮ ಜಲಜ ಅಜ್ಜಿಗೆ ಹೊರಗಿನವಳಲ್ಲ, ಸ್ವಂತ ತಮ್ಮನ ಮಗಳು. ಅಜ್ಜಿಯ ತಮ್ಮ ಕುಷ್ಟಜ್ಜನ ಮನೆ ಬೈಂದೂರಿನ ಹತ್ತಿರ, ಉಪ್ಪುಂದದಲ್ಲಿ. ಸೋದರತ್ತೆಯ ಮಗನಿಗೆ ಸೋದರಮಾವನ ಮಗಳು. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸಂಬಂಧವಿಲ್ಲ ಎನ್ನುವ ಕಾಲ. ತಮ್ಮನ ಮನೆಯ ಬಾಗಿಲಲ್ಲಿ ನಿಂತು ಅಜ್ಜಿಯೇ ಕೇಳಿ ತಂದ ಸೊಸೆ.

ಆ ಸೊಸೆಯ ಹೊಟ್ಟೆಯಲ್ಲಿ ನಾನು ಹುಟ್ಟಿದೆ. ಮನೆಯಲ್ಲಿ ಎಲ್ಲರೂ ಕಪ್ಪು, ನಾನೊಬ್ಬಳು ಕೊಕ್ಕರೆಯ ಹಾಗೆ.

ಅಜ್ಜಿ ಕಾರಣ ಹುಡುಕಿದ್ದು ಕುಷ್ಟಜ್ಜನ ಹೆಂಡತಿ, ಅಮ್ಮನ ತಾಯಿ ಗಿರಿಜಜ್ಜಿಯಲ್ಲಿ. ಗಿರಿಜಜ್ಜಿ ಶಿರೂರಿನ ಆಚೆಯಿಂದ ಬಂದವಳು, ನೆಂಟಸ್ತಿಕೆಯ ಒಳಗಿನವಳಲ್ಲ. "ಇದ್ ನಮ್ ಕುಟುಂಬದ್ದಲ್ಲ. ಆ ಗಿರ್ಜಿ ತಂದದ್ದ್," ಎಂದು ಅಜ್ಜಿ ಮೀನಿನ ಜೊತೆ ಮನೆಮನೆಗೆ ಹಂಚಿದಳು. ಉಪ್ಪುಂದಕ್ಕೂ ಮಾತು ಮುಟ್ಟಿತು. ಗಿರಿಜಜ್ಜಿ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು.

ನಾನು ನಡೆಯತೊಡಗಿದ ಮೇಲೆ ಇನ್ನೊಂದು ಶುರುವಾಯಿತು. ಬಾಗಿಲಿಗೆ ತಾಗಿದರೆ ಸಾಕು, ಮೈಮೇಲೆ ನೇರಳೆ ಬಣ್ಣದ ಕಲೆ. ಬಿಳಿಯ ಮೈಮೇಲೆ ಅದು ಎದ್ದು ಕಾಣುತ್ತಿತ್ತು. ಮೊದಲು ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಅಂಗನವಾಡಿಯ ಟೀಚರು ಒಂದು ದಿನ ಅಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಮನಿಯಂಗೆ ಯಾರಾರೂ ಹೊಡಿತ್ರಾ?" ಅಮ್ಮ ನನ್ನ ಕೈ ಹಿಡಿದು ಮನೆಗೆ ಬಂದಳು. ಮರುದಿನದಿಂದ ನನಗೆ ಉದ್ದ ತೋಳಿನ ಅಂಗಿ. ಬಿಸಿಲಿಗೆ ಒಳ್ಳೆಯದೆಂದು ಎಲ್ಲರಿಗೂ ಹೇಳುತ್ತಿದ್ದಳು. ನಿಜವಾದ ಕಾರಣ ನನಗೂ ಅವಳಿಗೂ ಗೊತ್ತಿತ್ತು. ಮದುವೆಮನೆಗೆ, ಪೂಜೆಗೆ ಹೋಗುವುದನ್ನೇ ಅವಳು ಬಿಟ್ಟಳು. ಮನೆಗೆ ನೆಂಟರು ಬಂದರೆ ನನ್ನನ್ನು ಅಕ್ಕಿ ಇಡುವ ಕೋಣೆಗೆ ಕಳಿಸುವುದು ಅಜ್ಜಿಯ ಕಟ್ಟಳೆ. "ಒಳ್ಗ್ ಕೂಕೊ ಮಗಾ, ಅವ್ರ್ ಹೋದ್ ಮೇಲೆ ಬಾ." ಅಜ್ಜಿ ಗದರುತ್ತಿರಲಿಲ್ಲ, ಕೈಯಲ್ಲಿ ಬೆಲ್ಲದ ಚೂರು ಇಟ್ಟೇ ಕಳಿಸುತ್ತಿದ್ದಳು. ನನ್ನನ್ನು ಅಡಗಿಸಿಡಬೇಕು ಎಂದು ನಾನು ಕಲಿತದ್ದು ಬೆಲ್ಲ ತಿನ್ನುತ್ತ.

ಹೇಳಲು ನಾಲಿಗೆ ಏಳದ ಒಂದು ಮಾತೂ ಇದೆ. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೊಡಪಾನದ ವಿಷಯಕ್ಕೋ ಏನಕ್ಕೋ ಅತ್ತೆ ಸೊಸೆಗೆ ಜಗಳವಾಯಿತು. ಕೊಡಪಾನದಿಂದ ಶುರುವಾದ ಮಾತು ನನ್ನವರೆಗೆ ಬಂತು. ನೆರೆಯ ಹೆಂಗಸರು ನೋಡುತ್ತಿದ್ದಂತೆ ಅಜ್ಜಿ ಆ ಗಂಟಲಿನಲ್ಲಿ, "ಮರವಂತಿ ಕಡ್ಲ್ ಕರಿಗ್ ಬಪ್ಪ ಬಿಳಿಯರ್ನ ಕೇಣ್ಕ್, ಈ ಮಗು ಯಾರದ್ದ್ ಅಂದೇಳಿ!" ಎಂದುಬಿಟ್ಟಳು. ಅಮ್ಮ ನೀರು ತುಂಬಿದ ಕೊಡಪಾನವನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅಂದು ಮಧ್ಯಾಹ್ನವೂ ಅತ್ತೆಗೆ ಊಟ ಬಡಿಸಿದಳು. ಆದರೆ ಆಮೇಲೆ ಎಷ್ಟೋ ಕಾಲ ಅವಳು ಆ ಬಾವಿಗೆ ಹಗಲು ಹೊತ್ತು ಹೋಗಲಿಲ್ಲ.

ನನಗೆ ಹಾಲುಹಲ್ಲು ಬೀಳುವ ವಯಸ್ಸಾಯಿತು. ಶಾಲೆಯಲ್ಲಿ ಒಂದು ಹಲ್ಲು ಬಿತ್ತು. ಬೇರೆ ಮಕ್ಕಳು ಬಿದ್ದ ಹಲ್ಲನ್ನು ಹಂಚಿನ ಮೇಲೆ ಎಸೆದು ಆಡಲು ಓಡುತ್ತಾರೆ. ನನ್ನ ಬಾಯಿಂದ ರಕ್ತ ನಿಲ್ಲಲೇ ಇಲ್ಲ. ಹತ್ತಿ ಇಟ್ಟರು, ಅರಿಶಿನ ಇಟ್ಟರು, ಐಸು ಇಟ್ಟರು. ಕುಂದಾಪುರದ ಡಾಕ್ಟರು ನೋಡಿ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಪ್ಪಯ್ಯ ಕಡಲಿನಲ್ಲಿ. ಬಾಡಿಗೆ ಕಾರಿನಲ್ಲಿ ಅಮ್ಮನ ತೊಡೆಯ ಮೇಲೆ ನನ್ನ ತಲೆ, ಅಜ್ಜಿಯ ತೊಡೆಯ ಮೇಲೆ ಕಾಲು. ಬ್ರಹ್ಮಾವರ ದಾಟುವಾಗ ಅಜ್ಜಿ ನನ್ನ ಪಾದವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಲ್ಲಿಯೂ ಅವಳ ಬೆರಳಿನ ಕಲೆ ಎದ್ದಿತ್ತು.

ಯಾರದೋ ಪ್ಲೇಟ್‌ಲೆಟ್ಟು ನನ್ನ ಮೈಗೆ ಹರಿದ ಮೇಲೆ ರಕ್ತ ನಿಂತಿತು. ಕೆಲವು ದಿನ ಪರೀಕ್ಷೆಗಳು ನಡೆದವು. ಆಮೇಲೆ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಮೈಬಣ್ಣ ಬೇರೆ, ರಕ್ತಸ್ರಾವ ಬೇರೆ ಅಂತ ತಿಳೀಬೇಡಿ. ಎರಡೂ ಒಂದೇ ಕಾಯಿಲೆ. ಇವಳಿಗೆ ಯಾರೂ ಹೊಡೆದಿಲ್ಲ, ಈ ಕಲೆಗಳು ತಾವಾಗಿಯೇ ಬರುವಂಥವು."

ಇದನ್ನು ಕೇಳಿ ಅಮ್ಮ ಅತ್ತಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ವಾಕ್ಯ. ಡಾಕ್ಟರಮ್ಮ ಅವಳಿಗೆ ಸಮಾಧಾನವಾಗುವ ತನಕ ಕಾದು ಮುಂದುವರಿಸಿದರು. "ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು, ಎರಡೂ ಸೇರಿದರೆ ಮಾತ್ರ ಮಗುವಿಗೆ ಬರುತ್ತದೆ. ಒಂದೇ ಪಾಲು ಇದ್ದವರಿಗೆ ಏನೂ ಆಗೋದಿಲ್ಲ, ಇದೆ ಅಂತ ಗೊತ್ತೂ ಆಗೋದಿಲ್ಲ. ನೀವು ಸಂಬಂಧದಲ್ಲಿ ಮದುವೆಯಾದವರು. ಹಿಂದೆ ಮನೆಯಲ್ಲಿ ಹೀಗೆ ಬಿಳಿಯಾಗಿ ಹುಟ್ಟಿದವರು, ರಕ್ತ ನಿಲ್ಲದೆ ತೀರಿಕೊಂಡವರು ಯಾರಾದರೂ ಇದ್ದರಾ?"

ಅಮ್ಮ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕಿಟಕಿಯ ಕಡೆ ನೋಡಿದಳು. "ಇಲ್ಲ. ನಮ್ಮಂಗೆ ಯಾರೂ ಇಲ್ಲ."

ಅಷ್ಟು ಸಣ್ಣ ದನಿ ಅಜ್ಜಿಯ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮನೆಗೆ ಬಂದ ಮೇಲೆ ಅಜ್ಜಿ ಮಂಕಾದಳು. ಮೀನು ಮಾರಲು ಹೋಗುತ್ತಿದ್ದಳು, ಕೂಗುತ್ತಿರಲಿಲ್ಲ. ಗಿರಾಕಿಗಳು ಗಂಟಲು ಕಟ್ಟಿದೆಯೇ ಎಂದು ಕೇಳುತ್ತಿದ್ದರಂತೆ. ನನ್ನ ಚಿಂತೆ ಎಂದು ಎಲ್ಲರೂ ತಿಳಿದರು.

ಆಗ ಮನೆಯಲ್ಲಿ ಇನ್ನೊಂದು ಮದುವೆಯ ಮಾತು ನಡೆಯುತ್ತಿತ್ತು. ಚಿಕ್ಕಪ್ಪ, ಎಂದರೆ ಅಪ್ಪಯ್ಯನ ತಮ್ಮ, ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವನಿಗೆ ನನ್ನ ಅಮ್ಮನ ತಂಗಿ ಶ್ಯಾಮಲಳನ್ನು ತರುವುದೆಂದು ಕುಷ್ಟಜ್ಜನೂ ಅಜ್ಜಿಯೂ ಎಂದೋ ಮಾತಾಡಿಕೊಂಡಿದ್ದರು. ಹಿರಿಯರ ಮಾತಷ್ಟೇ ಅಲ್ಲ, ಅವರಿಬ್ಬರಿಗೂ ಮನಸ್ಸಿತ್ತು. ಚಿಕ್ಕಪ್ಪ ಊರಿಗೆ ಬಂದಾಗಲೆಲ್ಲ ಉಪ್ಪುಂದದ ಬಸ್ಸು ಹತ್ತಲು ಏನಾದರೊಂದು ನೆಪ ಹುಡುಕುತ್ತಿದ್ದ. ಅಮ್ಮ ಅಪ್ಪಯ್ಯನ ಹತ್ತಿರ ಡಾಕ್ಟರಮ್ಮನ ಮಾತನ್ನು ಎತ್ತಿದಳು. "ಅವ್ರಿಗೂ ಹೀಂಗೇ ಆರೆ?" ಅಪ್ಪಯ್ಯ ಬಲೆಯ ಕಡೆ ನೋಡುತ್ತ, "ಡಾಕ್ಟ್ರ್ ಎಲ್ಲ ಹೇಳ್ತ್ರ್. ಹಿಂದೆ ಯಾರಿಗೂ ಇಲ್ಲ ಅಂದೇಳಿ ಅಬ್ಬಿಯೇ ಹೇಳಿತಲ್ಲ," ಎಂದ. ಅಬ್ಬಿ ಎಂದರೆ ಅವನ ತಾಯಿ, ಅಜ್ಜಿ. ಆ ಸಣ್ಣ ದನಿಯ "ಇಲ್ಲ" ಇಡೀ ಮನೆಗೆ ಧೈರ್ಯ ಕೊಟ್ಟಿತ್ತು.

ದಿನ ಗೊತ್ತು ಮಾಡಲು ಉಪ್ಪುಂದದವರು ಒಂದು ಬೆಳಿಗ್ಗೆ ಬಂದರು. ಚಿಕ್ಕಪ್ಪನೂ ರಜೆಯಲ್ಲಿ ಊರಿಗೆ ಬಂದಿದ್ದ. ಮಗಳ ಮದುವೆಯ ಮಾತಾದ್ದರಿಂದ ಗಿರಿಜಜ್ಜಿಯೂ ಬಂದಿದ್ದಳು. ಬಂದವಳು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತಳು, ಬೆನ್ನು ಒರಗಿಸಲಿಲ್ಲ. ನನ್ನನ್ನು ಎಂದಿನಂತೆ ಕೋಣೆಗೆ ಕಳಿಸಿದ್ದರು. ನಾನು ಬಾಗಿಲ ಸಂದಿಗೆ ಕಿವಿಯಿಟ್ಟಿದ್ದೆ. ಕಣ್ಣು ಮಂದವಾದವರ ಕಿವಿ ಚುರುಕು. ಅವಲಕ್ಕಿ ಆಯಿತು, ಚಾ ಆಯಿತು. ಕುಷ್ಟಜ್ಜ ಬಾಯಿ ಒರೆಸಿಕೊಂಡು, "ಹಂಗಾರೆ ಅಕ್ಕಾ, ದಿನ ಕಾಂಬನಾ?" ಎಂದ.

"ಬ್ಯಾಡ," ಎಂದಳು ಅಜ್ಜಿ.

"ಎಂತ ಬ್ಯಾಡ?"

"ಈ ಮದಿ ಬ್ಯಾಡ, ಕುಷ್ಟ."

ಚಿಕ್ಕಪ್ಪ ಎದ್ದು ನಿಂತದ್ದು ಕುರ್ಚಿಯ ಸದ್ದಿನಿಂದ ನನಗೆ ತಿಳಿಯಿತು. ಅಜ್ಜಿ ಯಾರಿಗೂ ಎಡೆ ಕೊಡದೆ ಹೇಳಿದಳು. "ನೀನ್ ಹುಟ್ಟುಕ್ ಮುಂಚೆ ನಂಗೊಂದ್ ತಂಗಿ ಇದ್ದಿತ್. ಬಿಳಿ. ನಮ್ ಮಗು ಕಣಂಗೇ ಬಿಳಿ. ನಾನೇ ಸೊಂಟದಂಗೆ ಎತ್ಕಂಡ್ ತಿರುಗ್ತಿದ್ದೆ. ಬೆಳ್ಕ್ ಕಂಡ್ರೆ ಮುಖ ನನ್ ಕುತ್ಗಿಗ್ ಹುಗ್ಸತಿತ್ತ್. ಒಂದಿನ ಬಿದ್ದ್ ಮೂಗಂಗೆ ನೆತ್ರ್ ಬಂತ್. ನಿಲ್ಲಲಿಲ್ಲ. ಅಬ್ಬಿ ನನ್ ಬಾಯಿ ಮೇಲೆ ಕೈ ಇಟ್ಟ್, ಯಾರಿಗೂ ಹೇಳುಕಾಗ, ಹೇಳಿರೆ ನಿಂಗೆ ಮದಿ ಆತಿಲ್ಲ ಅಂದ್ಳ್. ನಾನ್ ಹೇಳ್ಲಿಲ್ಲ. ಡಾಕ್ಟ್ರ್ ಕೇಂಡಾಗ್ಳೂ ಹೇಳ್ಲಿಲ್ಲ. ಇದ್ ಗಿರ್ಜಿ ತಂದದ್ದಲ್ಲ. ನನ್ನಂಗೂ ನಿನ್ನಂಗೂ ಇದ್ದದ್ದೇ, ಕುಷ್ಟ, ನಮ್ ಮಕ್ಕಳಿಗ್ ಹೋದದ್ದ್."

ಮೊದಲು ಮಾತಾಡಿದವಳು ಗಿರಿಜಜ್ಜಿ. ಅವಳು ಕೂಗಲಿಲ್ಲ.

"ಅತ್ತಿಗೆ, ನನ್ನ್ ಎದ್ರಿಗ್ ಹೇಳಿದ್ರಿ, ಆಯಿತ್. ಆರೆ ಆ ಮಾತ್ ನೀವ್ ನನ್ನ್ ಎದ್ರಿಗ್ ಹೇಳಿದ್ದಲ್ಲ. ಯಾರ್ ಯಾರ್ ಮನಿ ಬಾಗ್ಲಂಗೆ ಹೇಳಿದ್ರಿಯೋ, ಅಲ್ಲಿಗೆಲ್ಲ ಹೋಯಿ ಇದನ್ನೂ ಹೇಳ್ಕ್."

ಅಷ್ಟು ಹೇಳಿ ಅವಳು ಎದ್ದು ಕೋಣೆಯ ಬಾಗಿಲು ತೆರೆದಳು. ಕಿವಿಯಿಟ್ಟು ನಿಂತಿದ್ದ ನಾನು ಅವಳ ಕಾಲಿಗೆ ಬಂದು ಬಿದ್ದೆ. ಅಪ್ಪುವ ಮೊದಲು ಅವಳು ಎಲ್ಲಾದರೂ ತಾಗಿತೇ ಎಂದು ನನ್ನ ಮೊಣಕಾಲು ನೋಡಿದಳು.

ಮರುದಿನ ಅಜ್ಜಿ ಬುಟ್ಟಿ ಹೊತ್ತಳು. ಒಂದು ಕೈಯಲ್ಲಿ ನನ್ನನ್ನು ಹಿಡಿದಳು. ನನ್ನ ಕೈಯಲ್ಲಿ ಅಪ್ಪಯ್ಯನ ದೊಡ್ಡ ಕರಿ ಕೊಡೆ. ನಾನು ಬರುವುದಿಲ್ಲವೆಂದು ಅಂಗಳದಲ್ಲಿ ಕುಳಿತು ಅತ್ತೆ. ಇಷ್ಟು ವರ್ಷ ಅಡಗಿಸಿಟ್ಟವರು ಒಮ್ಮೆಲೇ ಊರಿಗೆಲ್ಲ ತೋರಿಸಲು ಹೊರಟರೆ ಮಗುವಿಗೆ ಏನನ್ನಿಸಬೇಡ? "ನಾನ್ ಎಂತಕ್ಕೆ?" ಎಂದು ಕೇಳಿದೆ. ಅಜ್ಜಿ ಬುಟ್ಟಿ ಕೆಳಗಿಟ್ಟು ಕುಕ್ಕರುಗಾಲಿನಲ್ಲಿ ಕೂತು, "ನಿನ್ನ ಒಳ್ಗ್ ಇಟ್ಟದ್ದ್ ನಾನೇ ಅಲ್ದಾ ಮಗಾ. ಹೊರ್ಗ್ ಕರ್ಕಂಡ್ ಹೋಯ್ಕಾದ್ದೂ ನಾನೇ," ಎಂದಳು.

ಹೋದೆವು. ಒಂದೊಂದು ಮನೆಯ ಎದುರೂ ಅದೇ. ಅಜ್ಜಿ ಬುಟ್ಟಿ ಇಳಿಸುವಳು, ನನ್ನ ಕೊಡೆಯನ್ನು ಸ್ವಲ್ಪ ಓರೆ ಮಾಡುವಳು, ಹೇಳುವಳು: "ಅಮ್ಮಾ, ನಾನ್ ಗಿರ್ಜಿ ಮೇಲೆ ಹೇಳಿದ್ದ್ ಸುಳ್ಳ್. ಜಲಜನ ಮೇಲೆ ಹೇಳಿದ್ದೂ ಸುಳ್ಳ್. ಈ ಮಗುವಿಗ್ ಇದ್ ನನ್ನ್ ಕುಟುಂಬದಿಂದ್ಲೇ ಬಂದದ್ದ್." ಆ ಗಂಟಲು ಅಷ್ಟು ತಗ್ಗಿದ್ದನ್ನು ಕೇಳಿ ಮನೆಯವರು, "ಎಂತ ಅಂದೆ?" ಎಂದು ಮತ್ತೆ ಕೇಳುವರು, ಅಜ್ಜಿ ಮತ್ತೆ ಹೇಳುವಳು. ನಾನು ನೆಲ ನೋಡುತ್ತ ನಿಲ್ಲುವೆ. ಒಂದು ಮನೆಯ ದೊಡ್ಡಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು, ಬಣ್ಣ ಕೈಗೆ ಬರುತ್ತದೆಯೋ ಎಂದು ನೋಡಿದ್ದಿರಬೇಕು. ಇನ್ನೊಬ್ಬಾಕೆ, "ನಂಗೆ ಆಗ್ಳೇ ಗೊತ್ತಿತ್ತ್," ಎಂದಳು. ಅದನ್ನು ಊರಿಗೆ ಹಬ್ಬಿಸಿದವಳೇ ಅವಳು. ಮತ್ತೊಬ್ಬಾಕೆಯಂತೂ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಅದೆಲ್ಲ ಇರ್ಲಿ ಸೀತು, ಬಂಗ್ಡಿ ಹ್ಯಾಂಗ್ ಇವತ್ತ್?" ಎಂದಳು.

ಆ ಮಾತಿಗೆ ಅಜ್ಜಿ ಬೆಪ್ಪಾಗಿ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ. ನಮ್ಮ ಮನೆಯನ್ನು ಅಷ್ಟು ವರ್ಷ ಉಸಿರಾಡಲು ಬಿಡದೆ ಒತ್ತಿದ್ದ ಸಂಗತಿ ಊರಿನವರಿಗೆ ಮೀನಿನ ಮೇಲಿನ ಉಪ್ಪಿನಷ್ಟೂ ಆಗಿರಲಿಲ್ಲ. ಅವರು ಆಡಿ, ಮರೆತು, ಸಾರು ಮಾಡಿಕೊಂಡು ಉಂಡಿದ್ದರು.

ಅಜ್ಜಿ ಊರಿಗೆಲ್ಲ ಹೇಳಿದಳು, ಅಮ್ಮನ ಎದುರು ಮಾತ್ರ ಅವಳಿಗೆ ಬಾಯಿ ಬರಲಿಲ್ಲ. ಅಂದು ಸಂಜೆಯಿಂದ ಬಾವಿಯ ನೀರನ್ನು ತಾನೇ ಸೇದಿ ತಂದಿಡತೊಡಗಿದಳು, ಕೈಯಲ್ಲಾಗುವ ತನಕ. ಅಮ್ಮ ಬೇಡವೆನ್ನಲಿಲ್ಲ. ನಾನು ದೊಡ್ಡವಳಾದ ಮೇಲೆ ಅಮ್ಮನನ್ನು ಕೇಳಿದ್ದೆ, ಅಜ್ಜಿಯ ಆ ಮಾತನ್ನು ಮರೆತೆಯಾ ಎಂದು. "ಊಟ ಬಡ್ಸಿದ್ದೆ," ಎಂದಳು.

ಚಿಕ್ಕಪ್ಪ ಅದೇ ವಾರ ಬೊಂಬಾಯಿಗೆ ಹೋದವನು ಬಹಳ ಕಾಲ ಊರಿಗೆ ಬರಲಿಲ್ಲ. ಆಮೇಲೆ ಬೇರೆ ಕಡೆಯ ಹುಡುಗಿಯನ್ನು ಮದುವೆಯಾದ, ಚೆನ್ನಾಗಿದ್ದಾನೆ. ಆದರೆ ತಾಯಿಯ ಜೊತೆ ಕೊನೆಯವರೆಗೂ ಮಾತು ಲೆಕ್ಕ ಹಾಕಿಯೇ ಆಡಿದ. ಶ್ಯಾಮಲ ಚಿಕ್ಕಿಯನ್ನು ಗಂಗೊಳ್ಳಿಗೆ ಕೊಟ್ಟರು. ಅವಳ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ಅವರನ್ನು ಕಂಡಾಗ ನನಗೆ ಸಂತೋಷವಾಗುತ್ತದೆ, ಜೊತೆಗೆ ಏನೋ ಮುಳ್ಳಿನಂಥದ್ದೂ ಆಡುತ್ತದೆ: ನನ್ನಂಥವಳು ಇನ್ನೊಬ್ಬಳು ಹುಟ್ಟಬಾರದೆಂದು ಒಂದು ಪ್ರೀತಿಯನ್ನೇ ಮುರಿದರಲ್ಲ ಎಂದು. ಅಜ್ಜಿ ಮಾಡಿದ್ದು ಸರಿ. ಸರಿಯಾದದ್ದಕ್ಕೂ ನಾಚಿಕೆಯಾಗುವುದುಂಟು ಎಂದು ನಿಮಗೆ ಹೇಗೆ ಹೇಳಲಿ.

ನಾನು ಓದಿದೆ, ಕೆಲಸಕ್ಕೆ ಸೇರಿದೆ, ನೆಂಟನಲ್ಲದ ಒಬ್ಬ ಒಳ್ಳೆಯವನನ್ನು ಮದುವೆಯಾದೆ. ಮಗಳು ಹುಟ್ಟುವಾಗ ಹೆರಿಗೆ ಕೋಣೆಯ ಹೊರಗೆ ಪ್ಲೇಟ್‌ಲೆಟ್ಟು ಸಿದ್ಧವಾಗಿತ್ತು, ಅಜ್ಜಿಯೂ ಗೋಡೆ ಹಿಡಿದು ನಿಂತಿದ್ದಳು. ಕಪ್ಪು ಕೂದಲಿನ ಮಗುವನ್ನು ತೋರಿಸಿದಾಗ ಅವಳು ನಗಲಿಲ್ಲ. ನನ್ನ ಹತ್ತಿರ ಬಂದು ಮುಖಕ್ಕೆ ಮುಖ ತಂದು, "ನಿಂದೊಂದ್ ಪಾಲ್ ಇದ್ರಂಗೆ ಇದ್ದೇ ಇರತ್ತ್. ದೊಡ್ಡ್ ಆದ್ ಮೇಲೆ ಹೇಳ್. ನನ್ನ್ ಕಣಂಗೆ ಮಾಡ್ಬೇಡ," ಎಂದಳು. ಮಾರನೆಯ ವರ್ಷ ತೀರಿಕೊಂಡಳು. ಕುಷ್ಟಜ್ಜ ಅವಳಿಗಿಂತ ಮೊದಲೇ ಹೋಗಿದ್ದ.

ಕಡಲ ಕರೆಯಿಂದ ಮನೆಗೆ ಬಂದ ಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿ, ಅರ್ಥವಾಗುತ್ತದೆ. ನಾನು ಬಲ್ಲಷ್ಟನ್ನೂ ವಿವರವಾಗಿಯೇ ಹೇಳಿದೆ: ಒಂದು ಪಾಲು, ಎರಡು ಪಾಲು, ಅವಳ ಪಾಲಿಗೆ ಬಂದದ್ದು, ಮುಂದೆ ಮದುವೆಯಾಗುವವನ ರಕ್ತವನ್ನು ಯಾಕೆ ಪರೀಕ್ಷಿಸಬೇಕು ಎಂಬುದು. ಟೀಚರಮ್ಮನಲ್ಲವೇ, ಪಾಠ ಮಾಡಿದೆ. ಅವಳು ಎಲ್ಲವನ್ನೂ ಕೇಳಿದಳು. ಕೊನೆಗೆ, "ಆ ಸಣ್ಣ ಮಗಿನ್ ಹೆಸ್ರ್ ಎಂತ?" ಎಂದಳು.

"ಯಾವ್ ಮಗು?"

"ಅಜ್ಜಿ ತಂಗಿ."

ನನಗೆ ಗೊತ್ತಿರಲಿಲ್ಲ. ಅಜ್ಜಿ ತಂಗಿ ಎಂದಷ್ಟೇ ಹೇಳಿದ್ದಳು. ಕುಷ್ಟಜ್ಜ ಕೇಳಲಿಲ್ಲ, ಅಮ್ಮ ಕೇಳಲಿಲ್ಲ. ಅದೇ ಮೈ, ಅದೇ ಕಣ್ಣು ಹೊತ್ತುಕೊಂಡು ಅಜ್ಜಿಯ ಪಕ್ಕದಲ್ಲಿ ಅಷ್ಟು ವರ್ಷ ಮಲಗಿದ ನಾನೂ ಕೇಳಲಿಲ್ಲ. ಯಾರಿಂದ ಬಂತು, ಯಾರಿಗೆ ಹೋಗುತ್ತದೆ ಎಂದು ಎಲ್ಲರೂ ಆ ಮಗುವನ್ನು ಕಾಯಿಲೆಯ ದಾರಿ ತೋರಿಸುವ ಕೈಕಂಬದಂತೆ ಬಳಸಿಕೊಂಡೆವು. ನನ್ನೊಳಗೆ ಎದ್ದ ನಾಚಿಕೆ ನನಗೆ ಪರಿಚಯದ್ದಲ್ಲ. ಇಷ್ಟು ದಿನದ್ದು ನನ್ನನ್ನು ಅಡಗಿಕೋ ಎನ್ನುತ್ತಿತ್ತು. ಇದು ಹಾಗೆನ್ನಲಿಲ್ಲ.

ಉಪ್ಪುಂದಕ್ಕೆ ಫೋನು ಮಾಡಿದೆ. ಗಿರಿಜಜ್ಜಿಗೆ ಈಗ ಕಿವಿ ಮಂದ; ಶಬ್ದ ಎತ್ತಿ ಎರಡು ಸಲ ಕೇಳಬೇಕಾಯಿತು.

"ಗೊತ್ತಿಲ್ಲ ಮಗಾ," ಎಂದಳು. "ಹೆಸ್ರ್ ಕೇಣ್ಕಿತ್ತ್ ಕಾಣ್. ನಂಗೆ ಆವತ್ತ್ ನಂದೇ ಹೆಚ್ಚಾಯಿತ್."

ಮಗಳು ನನ್ನ ಮುಖ ನೋಡುತ್ತ ನಿಂತಿದ್ದಳು. ಫೋನು ಕೆಳಗಿಟ್ಟೆ.

"ಯಾರೂ ಕೇಣ್ಲಿಲ್ಯಾ ಅಮ್ಮ?"

"ಇಲ್ಲ ಮಗಾ," ಎಂದೆ. "ನೀನೇ ಮೊದ್ಲ್ ಕೇಂಡದ್ದ್."